ಮಾರ್ಚ್ ಎಂಡ್ ಮುಗಿಯಿತೇ? ಬಾಕಿ ತೀರಿಸಲು ಒಂಬತ್ತು ಸೂತ್ರಗಳು

ಬ್ಯಾಂಕು, ಆಡಿಟರ್ ಆಫೀಸು, ಅಕೌಂಟ್ಸ್ ಸೆಕ್ಷನ್, ಸೇಲ್ಸ್ ಟೀಮ್. ಇದರಲ್ಲಿ ಎಲ್ಲಿದ್ದರೂ ಮಾರ್ಚ್ ತಿಂಗಳಲ್ಲಿ ನೀವು ಮನೆಯವರ ಕೈಗೆ ಸಿಗುವುದಿಲ್ಲ. ಏಪ್ರಿಲ್ 1ರಂದು ಬ್ಯಾಂಕಿನ ಬಾಗಿಲು ಗ್ರಾಹಕರಿಗೆ ಮುಚ್ಚಿರುತ್ತದೆ, ಒಳಗಿರುವವರಿಗೆ ಅಂದೂ ಕ್ಲೋಸಿಂಗ್ ಕೆಲಸವೇ. ಅದೆಲ್ಲ ಮುಗಿಸಿ ತಲೆ ಎತ್ತಿದರೆ ಮನೆ, ನೆಂಟರು, ಆಫೀಸ್ ಮೇಲ್ ಎಲ್ಲವೂ ಪೆಂಡಿಂಗ್. ಗಾಬರಿ ಬೇಡ. ಒಂದು ಕಂಪನಿಯ ವರ್ಷದ ಲೆಕ್ಕವನ್ನೇ ಟ್ಯಾಲಿ ಮಾಡಿದವರಿಗೆ ಇದೇನು ದೊಡ್ಡ ಕೆಲಸವಲ್ಲ. ಏಪ್ರಿಲ್ ಒಂದು ತಿಂಗಳು ಸಾಕು.

1. ಮೊದಲು ನಿದ್ದೆ ಮಾಡಿ

ಎರಡು ರಾತ್ರಿ ಸರಿಯಾಗಿ ಮಲಗಿ. ಅಲ್ಲಿಯವರೆಗೆ ಯಾವ ಪ್ಲಾನೂ ಬೇಡ, ಕೆಲಸ ಬಿಡುವ ತೀರ್ಮಾನವಂತೂ ಬೇಡವೇ ಬೇಡ. ನಿದ್ದೆಗೆಟ್ಟ ತಲೆಗೆ ಸಣ್ಣ ಬಾಕಿಯೂ ಗುಡ್ಡದಷ್ಟು ಕಾಣುತ್ತದೆ.

2. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ

ಮೊಬೈಲ್ ಆ್ಯಪ್ ಬೇಡ, ಹಾಳೆ ತೆಗೆದುಕೊಳ್ಳಿ. ಮೂರು ಕಾಲಂ ಹಾಕಿ: ಕೊನೆ ತಾರೀಖು ಇರುವ ಕೆಲಸ, ಕಾಯುತ್ತಿರುವ ಜನ, ಉಳಿದದ್ದು. ಮೂರನೆಯ ಕಾಲಂ ಉದ್ದವಾಗುತ್ತದೆ, ಆಗಲಿ ಬಿಡಿ. ಅದರಲ್ಲಿ ಅರ್ಧವನ್ನು ನೀವು ಮಾಡುವುದೇ ಇಲ್ಲ, ಮಾಡಬೇಕಾಗಿಯೂ ಇಲ್ಲ. ಧೈರ್ಯವಾಗಿ ಗೆರೆ ಎಳೆಯಿರಿ. ವಸೂಲಾಗದ ಸಾಲವನ್ನು ಬ್ಯಾಂಕೇ ರೈಟ್ ಆಫ್ ಮಾಡುವಾಗ, ಬಿಚ್ಚದೆ ಉಳಿದ ವಾಟ್ಸ್ಆ್ಯಪ್ ಫಾರ್ವರ್ಡ್‌ಗಳನ್ನು ನೀವೇಕೆ ಹೊತ್ತುಕೊಳ್ಳುತ್ತೀರಿ?

3. ತಾರೀಖು ಇರುವ ಕೆಲಸಕ್ಕೆ ಮೊದಲ ವಾರ ಕೊಡಿ

ಇಲ್ಲಿ ತಡ ಮಾಡಿದರೆ ನೇರವಾಗಿ ದುಡ್ಡು ಹೋಗುತ್ತದೆ. ಪಿಪಿಎಫ್ ಖಾತೆಗೆ ತಿಂಗಳ 5ನೇ ತಾರೀಖಿನೊಳಗೆ ಹಾಕಿದ ಹಣಕ್ಕೆ ಮಾತ್ರ ಆ ತಿಂಗಳ ಬಡ್ಡಿ ಬರುತ್ತದೆ, 6ಕ್ಕೆ ಹಾಕಿದರೆ ಆ ತಿಂಗಳು ಲಾಸ್. ಬೆಂಗಳೂರಿನಲ್ಲಿ ಸ್ವಂತ ಮನೆ ಇದೆಯೇ? ಏಪ್ರಿಲ್ ಒಳಗೆ ವರ್ಷದ ಆಸ್ತಿ ತೆರಿಗೆಯನ್ನು ಒಂದೇ ಸಲ ಕಟ್ಟಿದರೆ ಶೇ 5 ರಿಯಾಯಿತಿ. 12,000 ರೂಪಾಯಿ ತೆರಿಗೆಗೆ 600 ಉಳಿಯುತ್ತದೆ, ಕೂತಲ್ಲೇ ಮೊಬೈಲಿನಲ್ಲಿ ಮುಗಿಯುವ ಕೆಲಸ. ಅಪ್ಪ ಅಮ್ಮನ ಎಫ್‌ಡಿ ಬಡ್ಡಿಗೆ ಟಿಡಿಎಸ್ ಕಡಿಯದಿರಲು ಬ್ಯಾಂಕಿಗೆ ಪ್ರತಿ ವರ್ಷವೂ ಹೊಸದಾಗಿ ಡಿಕ್ಲರೇಷನ್ ಕೊಡಬೇಕು. ಹೋದ ವರ್ಷ ಕೊಟ್ಟದ್ದು ಈ ವರ್ಷಕ್ಕೆ ನಡೆಯುವುದಿಲ್ಲ. ಬ್ಯಾಂಕಿಗೆ ಹೋಗುವ ಮುನ್ನ ಕ್ಯಾಲೆಂಡರ್ ನೋಡಿ, ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಹಾಗೆಯೇ ಗಾಡಿಯ ಇನ್ಶೂರೆನ್ಸ್ ತೆಗೆದು ನೋಡಿ. ಮಾರ್ಚ್‌ನಲ್ಲಿ ಮುಗಿದ ಪಾಲಿಸಿ ನಿಮಗಾಗಿ ಕಾಯುವುದಿಲ್ಲ.

ಊರಿನವರ ಟ್ಯಾಕ್ಸ್ ಫೈಲ್ ಮಾಡುವವರೇ ತಮ್ಮದನ್ನು ಕಡೆಯಲ್ಲಿ ಮಾಡುವುದು ನಮ್ಮ ವೃತ್ತಿಯ ಹಳೆಯ ಚಾಳಿ. ಈ ಸಲ ಬಿಡಿ.

4. ಮನೆಯಲ್ಲಿ ಹ್ಯಾಂಡೋವರ್ ತೆಗೆದುಕೊಳ್ಳಿ

ನೀವಿಲ್ಲದ ತಿಂಗಳಲ್ಲೂ ಮನೆ ನಡೆದಿದೆ. ನಡೆಸಿದವರು ಒಬ್ಬರಿದ್ದಾರೆ. ಹೆಂಡತಿಯೋ, ಗಂಡನೋ, ಅಮ್ಮನೋ, ಅವರ ಪಕ್ಕ ಕಾಫಿ ಹಿಡಿದು ಕೂತು, "ಏನೇನು ನಡೀತು, ಏನೇನು ಬಾಕಿ ಇದೆ, ಹೇಳು" ಎಂದು ಕೇಳಿ. ನಡುವೆ ಬಾಯಿ ಹಾಕಬೇಡಿ. "ಅದನ್ನ ಹಾಗೆ ಯಾಕೆ ಮಾಡಿದೆ?" ಎಂಬ ಪ್ರಶ್ನೆಯನ್ನಂತೂ ಗಂಟಲಲ್ಲೇ ಇಟ್ಟುಕೊಳ್ಳಿ. ಆಫೀಸಿನಲ್ಲಿ ಆಡಿಟರ್ ಹಾಗೆ ಕೇಳಿದಾಗ ನಿಮಗೆ ಹೇಗಾಯಿತು, ನೆನಪಿದೆಯಲ್ಲ?

ಆಮೇಲೆ ಪೂರ್ತಿ ಎರಡು ಜವಾಬ್ದಾರಿ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. "ಏನಾದ್ರೂ ಹೆಲ್ಪ್ ಬೇಕಾ?" ಎನ್ನುವುದು ಜವಾಬ್ದಾರಿಯಲ್ಲ, ಹೇಳುವ ಕೆಲಸವನ್ನೂ ಅವರ ತಲೆಗೇ ಕಟ್ಟುವುದು. ಅಪ್ಪನ ಬಿಪಿ ಮಾತ್ರೆ ನಿಮ್ಮದು ಎಂದುಕೊಳ್ಳಿ. ಸ್ಟ್ರಿಪ್‌ನಲ್ಲಿ ನಾಲ್ಕೇ ಉಳಿದಿವೆ ಎಂಬುದು ಅವರು ಹೇಳುವ ಮೊದಲೇ ನಿಮಗೆ ಗೊತ್ತಿರಬೇಕು. ಚೀಟಿ ಎಲ್ಲಿದೆ, ಯಾವ ಅಂಗಡಿಯಲ್ಲಿ ಆ ಕಂಪನಿಯದೇ ಸಿಗುತ್ತದೆ, ಮುಂದಿನ ಚೆಕಪ್ ಯಾವಾಗ ಎಂಬುದೂ ಗೊತ್ತಿರಬೇಕು. ಇಷ್ಟಾದರೆ ಅದು ಜವಾಬ್ದಾರಿ. ಮನೆಯಲ್ಲಿ ನಿಮ್ಮ ಕ್ರೆಡಿಟ್ ರೇಟಿಂಗ್ ಏರುವುದು ಇಲ್ಲಿಂದಲೇ.

5. ಮಕ್ಕಳಿಗೆ ಗಿಫ್ಟ್ ಅಲ್ಲ, ಟೈಮ್ ಕೊಡಿ

ಏಪ್ರಿಲ್, ಮೇ ಬೇಸಿಗೆ ರಜೆ. ನಿಮ್ಮ ಅದೃಷ್ಟ, ಬಳಸಿಕೊಳ್ಳಿ. ಬಂದ ಕೂಡಲೇ "ಎಕ್ಸಾಮ್ ಹೇಗೆ ಮಾಡಿದೆ?" ಎಂದು ಶುರು ಮಾಡಬೇಡಿ. ಯಾವುದಾದರೂ ಸಣ್ಣ ಕೆಲಸಕ್ಕೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಸೈಕಲ್ ಪಂಕ್ಚರ್ ಹಾಕಿಸಿ, ಮಾವಿನ ಹಣ್ಣಿನ ಗಾಡಿಯ ಮುಂದೆ ನಿಂತು ರಸಪುರಿಯೋ ಬಾದಾಮಿಯೋ ಎಂದು ಮೂಸಿ ನೋಡಿ ಆರಿಸಲು ಹೇಳಿ. ಎದುರು ಕೂರಿಸಿಕೊಂಡರೆ ಬಾಯಿ ಬಿಡದ ಹುಡುಗರು ಪಕ್ಕದಲ್ಲಿ ನಡೆಯುವಾಗ ತಾವಾಗಿಯೇ ಮಾತಾಡುತ್ತಾರೆ.

6. ಹೋಗಲಾಗದ ಮದುವೆ, ಹೋಗಲಾಗದ ಸಾವಿನ ಮನೆ

ಮದುವೆ, ಗೃಹಪ್ರವೇಶ, ನಾಮಕರಣಕ್ಕೆ ಹೋಗಲಾಗಲಿಲ್ಲವೇ? ಫೋನ್ ಮಾಡಿ, ಮೆಸೇಜ್ ಬೇಡ. "ಬ್ಯುಸಿ ಇದ್ದೆ" ಎಂದು ಒಮ್ಮೆ ಹೇಳಿ, ಮತ್ತೆ ಹೇಳಬೇಡಿ. ಎರಡನೇ ಸಲ ಅದು ಜಂಬದಂತೆ ಕೇಳಿಸುತ್ತದೆ. ನೇರವಾಗಿ ತಾರೀಖು ಹೇಳಿ: "ಚಿಕ್ಕಮ್ಮ, ಈ ಭಾನುವಾರ ಬರ್ತೀನಿ, ಹೊಸ ಸೊಸೆನ ನೋಡೋಕೆ."

ಸಾವಿನ ಮನೆಗೆ ಫೋನ್ ಸಾಲದು. ತಡವಾಗಿದೆ ಎಂದು ಮುಜುಗರಪಟ್ಟುಕೊಂಡು ಇನ್ನೂ ತಡ ಮಾಡಬೇಡಿ. ಹದಿಮೂರನೇ ದಿನದ ಗದ್ದಲ ಮುಗಿದು, ಬಂದವರೆಲ್ಲ ಹೋದ ಮೇಲೆಯೇ ಆ ಮನೆಗೆ ಜನ ಬೇಕಾಗುವುದು. ಹೋಗಿ ಕೂತುಕೊಳ್ಳಿ, ಹೋದವರ ಬಗ್ಗೆ ಅವರೇ ಮಾತಾಡಲಿ. ಹೊರಡುವಾಗ "ಹೋಗಿ ಬರ್ತೀನಿ" ಎನ್ನಬಾರದೆಂಬ ಪದ್ಧತಿ ಹಲವರಲ್ಲಿದೆ, ನೆನಪಿಟ್ಟುಕೊಳ್ಳಿ. ಕೈಮುಗಿದು ಎದ್ದು ಬಂದರೆ ಸಾಕು.

7. ಮನೆ ಕ್ಲೀನಿಂಗ್: ಒಂದು ಭಾನುವಾರ, ಒಂದೇ ಕೆಲಸ

ಫ್ಯಾನ್ ರೆಕ್ಕೆ ಒಂದು ವಾರ, ಸಂಪು ಮತ್ತು ಟ್ಯಾಂಕ್ ಇನ್ನೊಂದು ವಾರ. ಒಂದೇ ದಿನ ಇಡೀ ಮನೆ ಎಳೆದುಹಾಕಿದರೆ ರಾತ್ರಿ ಹೊತ್ತಿಗೆ ಮನೆಯೂ ಅರ್ಧ, ಮೂಡೂ ಅರ್ಧ.

8. ಆಫೀಸಿನಲ್ಲಿ ಹಳೆಯ ಮೇಲ್ ಬಿಟ್ಟು ಹೊಸ ದಾಖಲೆ ಬರೆಯಿರಿ

ಮಾರ್ಚ್‌ನ ಮೇಲ್‌ಗಳನ್ನೆಲ್ಲ ಒಂದೊಂದಾಗಿ ಓದುತ್ತ ಕೂರಬೇಡಿ. ಬಾಸ್, ಕ್ಲೈಂಟ್, ಸರ್ಕಾರಿ ನೋಟಿಸ್, ಈ ಮೂರನ್ನು ಸರ್ಚ್ ಮಾಡಿ ಓದಿ, ಉಳಿದದ್ದನ್ನು ಆರ್ಕೈವ್‌ಗೆ ತಳ್ಳಿ. ನಿಜಕ್ಕೂ ಬೇಕಾದವರು ಮತ್ತೆ ಬರೆಯುತ್ತಾರೆ. ಮಾರ್ಚ್ ತಿಂಗಳ ಟಿಡಿಎಸ್ ಕಟ್ಟಲು ಏಪ್ರಿಲ್ 30ರವರೆಗೆ ಸಮಯವಿದೆ ಎಂದು ಮೈಮರೆಯಬೇಡಿ, 20ರೊಳಗೆ ಮುಗಿಸಿ.

ಈಗ ಒಂದು ಪುಟ ಬರೆಯಿರಿ. ಮಾರ್ಚ್‌ನಲ್ಲಿ ನೀವು ಏನು ಮುಗಿಸಿದಿರಿ, ಯಾವ ತಪ್ಪು ಹಿಡಿದಿರಿ, ಯಾವ ಬಿಲ್ಲು ಯಾರ ಟೇಬಲ್ ಮೇಲೆ ಎಷ್ಟು ದಿನ ಕೂತಿತ್ತು. ಅಪ್ರೈಸಲ್ ಮೀಟಿಂಗ್‌ಗೆ ಇದೇ ನಿಮ್ಮ ಅಸ್ತ್ರ, ಮುಂದಿನ ಮಾರ್ಚ್‌ಗೆ ಇದೇ ಚೆಕ್‌ಲಿಸ್ಟ್. ನೆನಪು ಹಸಿಯಾಗಿರುವಾಗ ಬರೆಯದಿದ್ದರೆ ಜೂನ್ ಹೊತ್ತಿಗೆ ನಿಮ್ಮ ಶ್ರಮ ನಿಮಗೇ ಮರೆತಿರುತ್ತದೆ, ಇನ್ನು ಮ್ಯಾನೇಜರ್ ಬಗ್ಗೆ ಕೇಳಬೇಕೇ?

"ಇದೆಲ್ಲ ನನ್ನ ಕೈಲಾಗುತ್ತಾ?" ಎನ್ನುವವರಿಗೆ ಒಂದೇ ಮಾತು. ಮಾರ್ಚ್ 31ರ ರಾತ್ರಿ ಹತ್ತಕ್ಕೂ ಹಾಗೇ ಅಂದುಕೊಂಡಿದ್ದಿರಿ, ಕ್ಲೋಸಿಂಗ್ ಆಗಲಿಲ್ಲವೇ?

9. ಮುಂದಿನ ರಜೆ ಇವತ್ತೇ ಬರೆಸಿ

ಸೆಪ್ಟೆಂಬರ್ 30ಕ್ಕೆ ಅರ್ಧವಾರ್ಷಿಕ ಕ್ಲೋಸಿಂಗ್. ಆಗ ಮತ್ತೆ ಮನೆಗೆ ಸಿಗುವುದು ಕಷ್ಟ. ಗೌರಿ ಗಣೇಶ ಹಬ್ಬದ ತಾರೀಖು ಈಗಲೇ ನೋಡಿ, ರಜೆ ಈ ವಾರವೇ ಅಪ್ಲೈ ಮಾಡಿ. ಬೇರೆಯವರು ಕೇಳುವ ಮೊದಲು ಕೇಳಿದವರಿಗೆ ರಜೆ ಸಿಗುತ್ತದೆ. ರೈಲಿನ ಬುಕಿಂಗ್ 60 ದಿನ ಮೊದಲು ಓಪನ್ ಆಗುತ್ತದೆ. ಆ ದಿನ ಬೆಳಿಗ್ಗೆ 8 ಗಂಟೆಗೆ ಅಲಾರಂ ಇಟ್ಟುಕೊಳ್ಳಿ, ಊರಿಗೆ ಎಷ್ಟು ಸೀಟು ಬೇಕೆಂದು ಮನೆಯಲ್ಲಿ ಇವತ್ತು ರಾತ್ರಿಯೇ ಕೇಳಿ.