ಧ್ವನಿಮುದ್ರಿಕೆ: ರಚನೆ, ಶ್ರವಣ, ಸಂಗ್ರಹ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮ್ಮ ಹಿರಿಯರ ಗಾದೆ. ಸಾವಿರಾರು ವರ್ಷಗಳ ಕಾಲ ಈ ಮಾತು ಅಕ್ಷರಶಃ ಸತ್ಯವಾಗಿದ್ದಿತು. ಕಣ್ಣಿಗೆ ಕಂಡ ರೂಪವನ್ನು ಶಿಲ್ಪಿಯು ಕಲ್ಲಿನಲ್ಲಿ ನಿಲ್ಲಿಸಬಲ್ಲವನಾಗಿದ್ದನು; ಮನಸ್ಸಿಗೆ ಹೊಳೆದ ಭಾವವನ್ನು ಕವಿಯು ಓಲೆಗರಿಯಲ್ಲಿ ಉಳಿಸಬಲ್ಲವನಾಗಿದ್ದನು. ಆದರೆ ಗಾಯಕನ ಕಂಠದಿಂದ ಹೊರಟ ಸ್ವರವು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿಯೇ ಕರಗಿಹೋಗುತ್ತಿತ್ತು. ಈ ಸ್ವರವನ್ನು ಹಿಡಿದಿಟ್ಟು ಬೇಕೆಂದಾಗ ಮರಳಿ ನುಡಿಸುವ ಉಪಾಯವು ಮಾನವನಿಗೆ ದೊರೆತು ಇನ್ನೂ ನೂರೈವತ್ತು ವರ್ಷಗಳು ಕೂಡ ತುಂಬಿಲ್ಲ. ಆ ಉಪಾಯದ ಸ್ವರೂಪವೇನು, ಅದನ್ನು ಮನೆಯಲ್ಲಿ ಹೇಗೆ ಬಳಸಬೇಕು, ಹೇಗೆ ಕಾಪಾಡಬೇಕು ಎಂಬುದನ್ನು ವಿದ್ಯಾರ್ಥಿಮಿತ್ರರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಉಗಮ

ಶಬ್ದವೆಂದರೆ ಕಂಪನ ಎಂಬುದನ್ನು ನೀವು ಭೌತಶಾಸ್ತ್ರದ ಪಾಠದಲ್ಲಿ ಓದಿದ್ದೀರಿ. ತಬಲದ ಮೇಲೆ ಸ್ವಲ್ಪ ಹಿಟ್ಟು ಉದುರಿಸಿ ಬಾರಿಸಿದರೆ ಆ ಹಿಟ್ಟು ಕುಣಿಯುವುದನ್ನು ಕಾಣಬಹುದು. ಈ ಕಂಪನವನ್ನು ಒಂದು ಮೊನೆಗೆ ತಲುಪಿಸಿ, ಆ ಮೊನೆಯಿಂದ ಮೆತ್ತನೆಯ ವಸ್ತುವಿನ ಮೇಲೆ ಗೆರೆ ಎಳೆಯಿಸಿದರೆ, ಆ ಗೆರೆಯ ಏರಿಳಿತವೇ ಶಬ್ದದ ಬರವಣಿಗೆಯಾಗುತ್ತದೆ. 1877ರಲ್ಲಿ ಅಮೆರಿಕದ ಥಾಮಸ್ ಆಲ್ವಾ ಎಡಿಸನ್ ತವರದ ತೆಳುಹಾಳೆ ಸುತ್ತಿದ ಉರುಳೆಯ ಮೇಲೆ ಹೀಗೆ ಬರೆಯಿಸಿ, ಅದೇ ಗೆರೆಯಲ್ಲಿ ಮೊನೆಯನ್ನು ಮತ್ತೆ ಓಡಿಸಿ, ತನ್ನ ಮಾತನ್ನು ತಾನೇ ಕೇಳಿದನು. 1887ರಲ್ಲಿ ಎಮಿಲ್ ಬರ್ಲಿನರ್ ಎಂಬಾತನು ಉರುಳೆಯ ಬದಲು ಚಪ್ಪಟೆಯಾದ ತಟ್ಟೆಯನ್ನು ಬಳಸಿದನು. ಈ ಬದಲಾವಣೆ ಚಿಕ್ಕದೆಂದು ತೋರಿದರೂ ಅದರ ಫಲ ದೊಡ್ಡದು. ತಟ್ಟೆಯಾದರೆ ಒಂದು ಲೋಹದ ಅಚ್ಚಿನಿಂದ ಸಾವಿರಾರು ಪ್ರತಿಗಳನ್ನು ಒತ್ತಿ ತೆಗೆಯಬಹುದು. ಪುಸ್ತಕಕ್ಕೆ ಮುದ್ರಣಾಲಯವು ಮಾಡಿದ ಉಪಕಾರವನ್ನು ಸಂಗೀತಕ್ಕೆ ಈ ತಟ್ಟೆಯು ಮಾಡಿತು.

ಆ ಕಾಲದ ತಟ್ಟೆಗಳು ಅರಗಿನವು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಕಥೆಯನ್ನು ಕೇಳಿದ ನಮಗೆ ಅರಗು ಹೊಸದಲ್ಲ. ಮರಗಳ ಕೊಂಬೆಯ ಮೇಲೆ ಒಂದು ಜಾತಿಯ ಸಣ್ಣ ಹುಳುಗಳು ಸ್ರವಿಸುವ ಅಂಟು ಅದು. ಜಗತ್ತಿನ ಧ್ವನಿಮುದ್ರಿಕೆಗಳಿಗೆ ಬೇಕಾದ ಅರಗಿನ ಬಹುಪಾಲು ನಮ್ಮ ದೇಶದಿಂದಲೇ, ಮುಖ್ಯವಾಗಿ ಛೋಟಾ ನಾಗಪುರದ ಕಾಡುಗಳಿಂದ, ಹೋಗುತ್ತಿತ್ತು. ಅರಗಿಗೆ ನುಣ್ಣನೆಯ ಕಲ್ಲಿನ ಹಿಟ್ಟು ಮತ್ತು ಕಾಡಿಗೆಯಂಥ ಇಂಗಾಲವನ್ನು ಬೆರೆಸಿ, ಬಿಸಿಮಾಡಿ, ಅಚ್ಚಿನಲ್ಲಿ ಒತ್ತುತ್ತಿದ್ದರು. ಈ ತಟ್ಟೆಗಳು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವುವು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿತ್ತು.

ಭಾರತದಲ್ಲಿ ಧ್ವನಿಮುದ್ರಣದ ಕಾರ್ಯವು 1902ರ ನವೆಂಬರ್ ತಿಂಗಳಲ್ಲಿ ಕಲಕತ್ತೆಯಲ್ಲಿ ನಡೆಯಿತು. ಫ್ರೆಡ್ ಗೈಸ್‌ಬರ್ಗ್ ಎಂಬ ಮುದ್ರಣಕಾರನು ಅಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡನು. ಆಕೆ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಳು. ಅಚ್ಚು ಒತ್ತುವ ಕಾರ್ಖಾನೆ ಆಗ ಜರ್ಮನಿಯ ಹ್ಯಾನೋವರಿನಲ್ಲಿದ್ದುದರಿಂದ, ಅಲ್ಲಿಯವರಿಗೆ ಗುರುತು ಸಿಕ್ಕಲೆಂದು ಈ ಪದ್ಧತಿ ಬಂದಿತೆಂದು ಹೇಳುತ್ತಾರೆ. ಈ ಗಾಯಕಿಯ ಕೊನೆಯ ದಿನಗಳು ನಮ್ಮ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಳೆದುವು. ಆಕೆ 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡಳು.

1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯು ವಿನೈಲ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ದೀರ್ಘಾವಧಿಯ ತಟ್ಟೆಯನ್ನು ಹೊರತಂದಿತು. ಇದನ್ನೇ ನಾವು ಎಲ್.ಪಿ. ಎಂದು ಕರೆಯುವುದು. ಇದು ನಿಮಿಷಕ್ಕೆ 33⅓ ಸುತ್ತು ತಿರುಗುವುದು. ಹನ್ನೆರಡು ಅಂಗುಲದ ತಟ್ಟೆಯ ಒಂದು ಮಗ್ಗುಲು ಇಪ್ಪತ್ತು ನಿಮಿಷಗಳಿಗೂ ಮಿಕ್ಕಿ ನುಡಿಯುವುದು. ಮರುವರ್ಷವೇ ಆರ್.ಸಿ.ಎ. ವಿಕ್ಟರ್ ಸಂಸ್ಥೆಯ, 45 ಸುತ್ತಿನ, ಏಳು ಅಂಗುಲದ ಚಿಕ್ಕ ತಟ್ಟೆಯೂ ಬಂದಿತು. ರಾಗವನ್ನು ನಿಧಾನವಾಗಿ ಬಿಡಿಸಿ ಹಾಡುವ ನಮ್ಮ ಸಂಗೀತಕ್ಕೆ ಎಲ್.ಪಿ.ಯು ವರವೇ ಆಯಿತು. 1955ರಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ವಾದನದ ಎಲ್.ಪಿ. ಅಮೆರಿಕದಲ್ಲಿ ಪ್ರಕಟವಾಗಿ ಹೊರನಾಡಿನ ಶ್ರೋತೃಗಳಿಗೆ ನಮ್ಮ ರಾಗಗಳ ಪರಿಚಯ ಮಾಡಿಕೊಟ್ಟಿತು.

ತಟ್ಟೆಯ ರಚನೆ

ಒಂದು ಎಲ್.ಪಿ.ಯ ಒಂದು ಮಗ್ಗುಲಿನಲ್ಲಿ ಎಷ್ಟು ಸಾಲುಗಳಿವೆ? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದಾಗ ಕೆಲವರು ನೂರೆಂದರು, ಕೆಲವರು ಸಾವಿರವೆಂದರು. ಸರಿಯಾದ ಉತ್ತರ ಒಂದೇ ಒಂದು. ಹೊರಗಿನ ಅಂಚಿನಿಂದ ಒಳಗಿನವರೆಗೆ ಸುರುಳಿಯಾಗಿ ಸಾಗುವ ಒಂದೇ ಸಾಲು ಅದು. ರೈತನು ಹೊಲದ ಅಂಚಿನಿಂದ ಆರಂಭಿಸಿ ನೇಗಿಲನ್ನು ಎತ್ತದೆ ನಡುವಿನವರೆಗೆ ಉತ್ತಂತೆ.

ಆ ಸಾಲಿನ ಉದ್ದವನ್ನು ನೀವೇ ಲೆಕ್ಕ ಹಾಕಬಹುದು. ಇಪ್ಪತ್ತು ನಿಮಿಷಗಳಲ್ಲಿ ತಟ್ಟೆಯು ಸುಮಾರು 667 ಸುತ್ತು ತಿರುಗುವುದು. ಸಾಲಿನ ಹೊರಸುತ್ತಿನ ತ್ರಿಜ್ಯ 14.6 ಸೆಂಟಿಮೀಟರ್, ಒಳಸುತ್ತಿನದು ಸುಮಾರು 6 ಸೆಂಟಿಮೀಟರ್. ಆದುದರಿಂದ ಸರಾಸರಿ 10.3 ಸೆಂಟಿಮೀಟರ್. ಆ ವೃತ್ತದ ಪರಿಧಿ ಸುಮಾರು 64.7 ಸೆಂಟಿಮೀಟರ್. ಇದನ್ನು 667ರಿಂದ ಗುಣಿಸಿದರೆ ಸುಮಾರು 430 ಮೀಟರ್ ಆಗುವುದು. ಒಂದು ಮಿಲಿಮೀಟರಿನಷ್ಟು ಅಗಲದಲ್ಲಿ ಏಳೆಂಟು ಸುತ್ತುಗಳು ಅಡಕವಾಗಿರುವುವು ಎಂದ ಮೇಲೆ ಆ ಕೆಲಸದ ಸೂಕ್ಷ್ಮತೆಯನ್ನು ಊಹಿಸಿಕೊಳ್ಳಿರಿ.

ಇನ್ನೊಂದು ಸಂಗತಿಯನ್ನೂ ಈ ಲೆಕ್ಕದಿಂದ ಅರಿಯಬಹುದು. ತಟ್ಟೆಯು ತಿರುಗುವ ವೇಗ ಒಂದೇ ಆದರೂ ಹೊರಸುತ್ತಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಸಾಲು ಹಾದುಹೋಗುವುದು. ಒಳಸುತ್ತಿನಲ್ಲಿ ಕೇವಲ 21 ಸೆಂಟಿಮೀಟರ್. ಅಂದರೆ ಅಷ್ಟೇ ಸ್ವರವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಬರೆಯಬೇಕಾಗುವುದು. ಕೊನೆಯ ಹಾಡಿನ ತಾರಸ್ವರಗಳು ಕೆಲವೊಮ್ಮೆ ತುಸು ಒರಟಾಗಿ ಕೇಳಿಸುವುದಕ್ಕೆ ಇದೇ ಕಾರಣ.

ಸಾಲಿನ ಅಡ್ಡಕೊಯ್ತವು ಇಂಗ್ಲಿಷಿನ ವಿ ಅಕ್ಷರದಂತಿದ್ದು ಅದಕ್ಕೆ ಎರಡು ಗೋಡೆಗಳಿರುವುವು. 1958ರಿಂದ ಮಾರಾಟಕ್ಕೆ ಬಂದ ಸ್ಟೀರಿಯೋ ತಟ್ಟೆಗಳಲ್ಲಿ ಒಳಗೋಡೆಯು ಎಡಗಿವಿಯ ಶಬ್ದವನ್ನೂ ಹೊರಗೋಡೆಯು ಬಲಗಿವಿಯ ಶಬ್ದವನ್ನೂ ಹೊತ್ತಿರುವುವು. ಈ ಗೋಡೆಗಳ ನಡುವೆ ವಜ್ರದ ಮೊನೆಯುಳ್ಳ ಸೂಜಿಯು ಓಡುವಾಗ ನಡುಗುವುದು. ಸೂಜಿಯ ಹಿಂತುದಿಗೆ ಚಿಕ್ಕ ಅಯಸ್ಕಾಂತವನ್ನು ಕೂಡಿಸಿ ಅದರ ಸಮೀಪದಲ್ಲಿ ತಂತಿಯ ಸುರುಳಿಗಳನ್ನು ಇಟ್ಟಿರುತ್ತಾರೆ. ಅಯಸ್ಕಾಂತವು ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟನಷ್ಟೆ. ಹೀಗೆ ಹುಟ್ಟಿದ ವಿದ್ಯುತ್ತು ಕೆಲವೇ ಮಿಲಿವೋಲ್ಟುಗಳಷ್ಟು. ಅದನ್ನು ಆಂಪ್ಲಿಫಯರ್ ಯಂತ್ರವು ಹಿಗ್ಗಿಸಿ ಧ್ವನಿಪೆಟ್ಟಿಗೆಗೆ ಕಳುಹಿಸುವುದು.

ಕೇಳುವ ಕ್ರಮ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುವುದು ಉಚಿತ. ನಾನು ಬಾಲಕನಾಗಿದ್ದಾಗ ನಮ್ಮ ಚಾಳಿನ ಕೋಣೆಯಲ್ಲಿ ಕೀಲಿ ಕೊಟ್ಟು ತಿರುಗಿಸುವ ಹಳೆಯ ಗ್ರಾಮಫೋನ್ ಪೆಟ್ಟಿಗೆಯೊಂದಿತ್ತು. ಧಾರವಾಡದಿಂದ ಬಂದ ಸೋದರಮಾವ ನಮ್ಮ ತಾಯಿಯವರಿಗೆಂದು ಗಾಯನದ ಒಂದು ಎಲ್.ಪಿ.ಯನ್ನು ತಂದುಕೊಟ್ಟರು. ವಿದ್ಯುತ್ತಿನ ಯಂತ್ರ ಕೊಳ್ಳುವವರೆಗೆ ಅದನ್ನು ಮುಟ್ಟಕೂಡದೆಂದು ಹೇಳಿ ತಾಯಿಯವರು ಕಪಾಟಿನಲ್ಲಿಟ್ಟರು. ನನಗೆ ತಾಳ್ಮೆಯಿರಲಿಲ್ಲ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅದನ್ನು ಹಳೆಯ ಪೆಟ್ಟಿಗೆಯ ಮೇಲಿಟ್ಟು ಉಕ್ಕಿನ ಮುಳ್ಳನ್ನು ಇಳಿಸಿದೆನು. ಹಾಡು ಕೀಚಲಾಗಿ ಓಡಿತು. ನಕ್ಕು ಮತ್ತೆ ಮತ್ತೆ ಹಾಕಿದೆನು. ಆರು ತಿಂಗಳ ಮೇಲೆ ಹೊಸ ಯಂತ್ರ ಬಂದಾಗ ಆ ತಟ್ಟೆಯಿಂದ ಗರಗರ ಶಬ್ದವಲ್ಲದೆ ಬೇರೇನೂ ಬರಲಿಲ್ಲ. ತಾಯಿಯವರು ನನ್ನನ್ನು ಬೈಯಲಿಲ್ಲ. ಮತ್ತೆ ಆ ತಟ್ಟೆಯನ್ನು ಕೇಳಲೂ ಇಲ್ಲ. ಇಂದು ಆ ನೆನಪೇ ನನಗೆ ಬೈಗುಳ.

ತಪ್ಪಿನ ಕಾರಣವನ್ನು ತಿಳಿಯಿರಿ. ಅರಗಿನ ತಟ್ಟೆಯ ಮೇಲೆ ಹಳೆಯ ಪೆಟ್ಟಿಗೆಯ ಮುಳ್ಳು ನೂರು ಗ್ರಾಮಿಗೂ ಹೆಚ್ಚಿನ ಭಾರವನ್ನು ಹಾಕುವುದು. ಅದರಲ್ಲಿನ ಕಲ್ಲಿನ ಹಿಟ್ಟು ಮುಳ್ಳನ್ನೇ ಸವೆಸಿ ಸಾಲಿಗೆ ಹೊಂದಿಸುವುದು. ಆದುದರಿಂದಲೇ ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಬೇಕು. ವಿನೈಲ್ ತಟ್ಟೆಗೆ ತಕ್ಕ ಭಾರ ಒಂದೂವರೆಯಿಂದ ಎರಡು ಗ್ರಾಂ ಮಾತ್ರ. ಮೆತ್ತನೆಯ ವಿನೈಲಿನ ಮೇಲೆ ಆ ಉಕ್ಕಿನ ಮುಳ್ಳು ನೇಗಿಲಾಯಿತು. ಹಾಗೆಯೇ ಎಲ್.ಪಿ.ಯ ಸೂಜಿಯಿಂದ 78ರ ತಟ್ಟೆಯನ್ನು ನುಡಿಸುವುದೂ ಸಲ್ಲದು. ಹಳೆಯ ಸಾಲು ಮೂರು ಪಟ್ಟು ಅಗಲವಾದುದು. ಸಣ್ಣ ಸೂಜಿಯು ಅದರ ತಳದಲ್ಲಿ ಕುಳಿತು ಧೂಳನ್ನೇ ಓದುವುದು. ಒಂದೊಂದಕ್ಕೂ ಅದರದೇ ಸೂಜಿ ಉಂಟು.

ಯಂತ್ರವನ್ನು ಸಮತಟ್ಟಾದ, ಅಲುಗದ ಮೇಜಿನ ಮೇಲೆ ಇಡಬೇಕು. ಸೂಜಿಯ ಭಾರವನ್ನು ಅಳೆದು, ತಯಾರಿಸಿದವರು ಹೇಳಿದಷ್ಟಕ್ಕೆ ಹೊಂದಿಸಬೇಕು. ಭಾರ ಕಡಿಮೆಯಾದರೆ ತಟ್ಟೆಗೆ ಕ್ಷೇಮವೆಂದು ಭಾವಿಸುವುದು ತಪ್ಪು. ಹಗುರವಾದ ಸೂಜಿಯು ಸಾಲಿನಲ್ಲಿ ಕುಣಿದು ಗೋಡೆಗಳನ್ನು ಕೆಡಿಸುವುದು. ಯಂತ್ರದ ವೇಗವನ್ನು ಪರೀಕ್ಷಿಸಲು ಸುಲಭವಾದ ಉಪಾಯವುಂಟು. ತಿರುಗುವ ತಟ್ಟೆಯ ನಡುವೆ ಕಾಗದದ ಚೂರನ್ನು ಗುರುತಿಗಾಗಿ ಇಟ್ಟು ಮೂರು ನಿಮಿಷ ಎಣಿಸಿರಿ. ಸರಿಯಾಗಿ ನೂರು ಸುತ್ತು ಬಂದರೆ ಯಂತ್ರವು ನಂಬಿಕೆಗೆ ಅರ್ಹ.

ರಕ್ಷಣೆ

ತಟ್ಟೆಯ ಶತ್ರುಗಳು ನಾಲ್ಕು: ಧೂಳು, ಬಿಸಿಲು, ತೇವ, ಬೆರಳು. ತಟ್ಟೆಯನ್ನು ಅಂಚಿನಿಂದಲೂ ನಡುವಿನ ಚೀಟಿಯಿಂದಲೂ ಹಿಡಿಯಬೇಕೇ ಹೊರತು ಸಾಲುಗಳ ಮೇಲೆ ಬೆರಳಿಡಬಾರದು. ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ವಿನೈಲ್ ಬಿಸಿಲಿಗೆ ಹಪ್ಪಳದಂತೆ ಡೊಂಕಾಗುವುದು. ಮುಂಬಯಿಯ ಮಳೆಗಾಲದಲ್ಲಿ ಕಾಗದದ ಹೊದಿಕೆಗಳು ತೇವ ಹೀರಿ ತಟ್ಟೆಗೆ ಬೂಷ್ಟು ಹಿಡಿಯುವುದು. ಆದುದರಿಂದ ಗೋಡೆಗೆ ತಾಗದಂತೆ ಗಾಳಿಯಾಡುವ ಕಪಾಟಿನಲ್ಲಿಡುವುದು ಲೇಸು. ಬಟ್ಟಿಯಿಳಿಸಿದ ನೀರಿಗೆ ಒಂದು ತೊಟ್ಟು ಸೌಮ್ಯವಾದ ಸಾಬೂನು ಬೆರೆಸಿ, ಚೀಟಿ ನೆನೆಯದಂತೆ, ಸಾಲಿನ ದಿಕ್ಕಿನಲ್ಲಿಯೇ ಮೆತ್ತನೆಯ ಬಟ್ಟೆಯಿಂದ ಒರೆಸಿ ಒಣಗಿಸಬಹುದು. ಅರಗಿನ ತಟ್ಟೆಗೆ ಮಾತ್ರ ಸ್ಪಿರಿಟ್ಟನ್ನು ಎಂದಿಗೂ ಸೋಕಿಸಬೇಡಿರಿ. ಅರಗು ಸ್ಪಿರಿಟ್ಟಿನಲ್ಲಿ ಕರಗುವುದು. ಅದರೊಡನೆ ಹಾಡೂ ಕರಗುವುದು.

ಸಂಗ್ರಹ ಏಕೆ?

ಇಂದು ಕೈಯಲ್ಲಿನ ಫೋನಿನಲ್ಲಿ ಲಕ್ಷಾಂತರ ಹಾಡುಗಳು ದೊರೆಯುವಾಗ ಈ ಭಾರವಾದ ತಟ್ಟೆಗಳೇಕೆ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದು. 1982ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಮುಂದೆ ಎಲ್.ಪಿ. ಹಿಂದೆ ಸರಿಯಿತು. ಮುಂಬಯಿಯ ಕಾಳಾಘೋಡಾದಲ್ಲಿದ್ದ ಹೆಸರಾಂತ ರಿದಮ್ ಹೌಸ್ ಅಂಗಡಿಯೂ 2016ರಲ್ಲಿ ಮುಚ್ಚಿತು. ಆದರೂ ತಟ್ಟೆ ಸಾಯಲಿಲ್ಲ. ಅಮೆರಿಕದಲ್ಲಿ 2022ರಲ್ಲಿ ವಿನೈಲ್ ತಟ್ಟೆಗಳು ಕಾಂಪ್ಯಾಕ್ಟ್ ಡಿಸ್ಕುಗಳಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಮಾರಾಟವಾದುವು. 1987ರ ನಂತರ ಹಾಗಾದುದು ಅದೇ ಮೊದಲು. ತಟ್ಟೆಯ ಮುಂದೆ ಕುಳಿತವನು ಅರ್ಧಕ್ಕೆ ಎದ್ದು ಹೋಗುವುದಿಲ್ಲ. ಒಂದು ಮಗ್ಗುಲು ಮುಗಿಯುವವರೆಗೆ ಮನಸ್ಸಿಟ್ಟು ಕೇಳುತ್ತಾನೆ. ಈ ಶ್ರದ್ಧೆಯೇ ಅದರ ಸುಖ.

ಆದರೆ ನಮಗೆ ಇದಕ್ಕಿಂತ ದೊಡ್ಡ ಕಾರಣವಿದೆ. ಗದಗಿನಲ್ಲಿ ಬಾಲಕನಾಗಿದ್ದ ಭೀಮಸೇನ ಜೋಶಿಯವರು ಅಬ್ದುಲ್ ಕರೀಮ್ ಖಾನರು ಹಾಡಿದ ಝಿಂಝೋಟಿ ರಾಗದ ಠುಮರಿಯನ್ನು ಅಂಗಡಿಯೊಂದರ ಗ್ರಾಮಫೋನಿನಲ್ಲಿ ಕೇಳಿ, ಹಾಗೆ ಹಾಡಲು ಕಲಿಯಬೇಕೆಂದು 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ಮೂರು ನಿಮಿಷದ ತಟ್ಟೆಯೊಂದು ನಾಡಿಗೆ ಒಬ್ಬ ಮಹಾಗಾಯಕನನ್ನು ಕೊಟ್ಟಿತು. ಗಂಗೂಬಾಯಿ ಹಾನಗಲ್ಲರ ಗಂಭೀರವಾದ ಕಂಠವನ್ನು ಎಲ್ಲರೂ ಬಲ್ಲರು. ಆದರೆ ಗಂಟಲಿನ ಶಸ್ತ್ರಚಿಕಿತ್ಸೆಗೆ ಮುಂಚೆ ಅವರ ಧ್ವನಿ ತೆಳುವಾಗಿ ಏರುಸ್ಥಾಯಿಯಲ್ಲಿತ್ತು. ಗಾಂಧಾರಿ ಎಂಬ ಹೆಸರಿನಲ್ಲಿ ಹೊರಬಂದ ಅವರ ಹಳೆಯ ತಟ್ಟೆಗಳು ಇಲ್ಲದಿದ್ದರೆ ಆ ಮೊದಲಿನ ಕಂಠವನ್ನು ನಾವು ಅರಿಯುವ ಬಗೆಯೇ ಇರಲಿಲ್ಲ. ಬೀಳಗಿಯಿಂದ ಬಂದು ಇದೇ ಮುಂಬಯಿಯಲ್ಲಿ ಹೆಸರು ಗಳಿಸಿದ ಅಮೀರಬಾಯಿ ಕರ್ನಾಟಕಿಯವರ ಕಂಠವೂ ತಟ್ಟೆಗಳಲ್ಲಿಯೇ ಉಳಿದಿದೆ.

ಇಂಥ ತಟ್ಟೆಗಳೆಲ್ಲವೂ ಫೋನಿಗೆ ಏರಿವೆಯೆಂದು ಭ್ರಮಿಸಬೇಡಿರಿ. ಹಳೆಯ ಕಟ್ಟಡಗಳನ್ನು ಕೆಡವಿ ಹೊಸದನ್ನು ಕಟ್ಟುವ ಈ ದಿನಗಳಲ್ಲಿ ಎಷ್ಟೋ ಮನೆಗಳ ಹಳೆಯ ಪೆಟ್ಟಿಗೆಗಳು ತೆರೆಯದೆಯೇ ರದ್ದಿಯವನ ತಕ್ಕಡಿಗೆ ಹೋಗುತ್ತಿವೆ. ಅದೃಷ್ಟವಿದ್ದ ಕೆಲವು ಚೋರ್ ಬಜಾರನ್ನು ಸೇರುತ್ತವೆ, ಉಳಿದವು ಒಡೆಯುತ್ತವೆ. ಇದನ್ನು ತಡೆಯಲೆಂದು ದುಡಿಯುವವರೂ ಉಂಟು. ಭಾರತೀಯ ಧ್ವನಿಮುದ್ರಿಕೆಗಳ ಸಂಗ್ರಾಹಕರು 1990ರಲ್ಲಿ ಮುಂಬಯಿಯಲ್ಲಿಯೇ ಒಂದು ಸಂಘವನ್ನು ಕಟ್ಟಿ, ತಮ್ಮ ಪತ್ರಿಕೆಯಲ್ಲಿ ಹಳೆಯ ತಟ್ಟೆಗಳ ವಿವರಗಳನ್ನು ಪ್ರಕಟಿಸುತ್ತ ಬಂದರು.

ವಿದ್ಯಾರ್ಥಿಗಳಿಂದ ಆಗುವ ಕೆಲಸವೂ ಇದೆ. ಅದಕ್ಕೆ ಹಣ ಬೇಕಿಲ್ಲ. ಈ ರಜೆಯಲ್ಲಿ ನಿಮ್ಮ ಅಜ್ಜ, ಅಜ್ಜಿ, ನೆರೆಯ ಹಿರಿಯರು ಇವರನ್ನು ಕೇಳಿ ನೋಡಿರಿ. ತಟ್ಟೆ ಸಿಕ್ಕಿದರೆ ಕೂಡಲೇ ನುಡಿಸಲು ಹೊರಡಬೇಡಿರಿ. ಮೊದಲು ಒಂದು ನೋಟುಬುಕ್ಕಿನಲ್ಲಿ ಹಾಡಿದವರ ಹೆಸರು, ಹಾಡಿನ ಹೆಸರು, ರಾಗ, ಸಂಸ್ಥೆ, ಚೀಟಿಯ ಮೇಲಿನ ಸಂಖ್ಯೆ, ಒಳಸುತ್ತಿನ ಖಾಲಿ ಜಾಗದಲ್ಲಿ ಕೊರೆದಿರುವ ಸಂಖ್ಯೆ, ಇವಿಷ್ಟನ್ನೂ ಬರೆದುಕೊಳ್ಳಿರಿ. ಆ ತಟ್ಟೆ ಯಾವ ಊರಿನಿಂದ, ಯಾರ ಕೈಯಲ್ಲಿ, ಯಾವ ಸಂದರ್ಭದಲ್ಲಿ ಈ ನಗರಕ್ಕೆ ಬಂದಿತೆಂಬುದನ್ನು ಹಿರಿಯರಿಂದಲೇ ಕೇಳಿ ಬರೆಯಿರಿ. ಆ ಮೇಲೆ ತಕ್ಕ ಸೂಜಿಯುಳ್ಳ ಯಂತ್ರದ ಮೇಲೆ, ಆ ಹಿರಿಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕೇಳಿರಿ.

ಮುತ್ತು ಒಡೆದರೆ ಹೋಯಿತು ಎಂಬ ಮಾತು ಇಂದಿಗೂ ನಿಜವೇ. ಆದರೆ ಆಡಿದ ಮಾತನ್ನು ಉಳಿಸುವ ಉಪಾಯ ನಮ್ಮ ಕೈಯಲ್ಲಿದೆ. ನಾನು ಬಾಲ್ಯದಲ್ಲಿ ಕೆಡಿಸಿದ ಒಂದು ತಟ್ಟೆಗೆ ಪ್ರತಿಯಾಗಿ ನಿಮ್ಮಲ್ಲಿ ಒಬ್ಬೊಬ್ಬರು ಒಂದೊಂದನ್ನು ಉಳಿಸಿದರೆ ಈ ಲೇಖನದ ಶ್ರಮ ಸಾರ್ಥಕವಾದಂತೆ.