ಹೊಸ ಹುಡುಗನನ್ನು ಕಣಕ್ಕಿಳಿಸುವ ಮುನ್ನ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಿಮ್ಮ ನೆಚ್ಚಿನ ತಂಡ ಸಾಲುಸಾಲಾಗಿ ಸೋಲುತ್ತಿದೆಯೇ? ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಹೊಸಬನನ್ನು ಆಡಿಸಿ ಎಂದು ಕೂಗುವ ಮೊದಲು ಅವನ ಮುಂದೆ ನಿಲ್ಲುವ ಐವರು ಲೈನ್‌ಮನ್‌ಗಳತ್ತ ಒಮ್ಮೆ ನೋಡಿ. ಚೆಂಡು ಕೈಸೇರಿದ ಮೇಲೆ ಅವನಿಗೆ ಸಿಗುವುದು ಎರಡು-ಮೂರು ಸೆಕೆಂಡು. ಆ ಗೋಡೆ ಕುಸಿದರೆ ಪೆಟ್ಟೆಲ್ಲ ಅವನ ಮೈಮೇಲೆ. 2002ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್‌ನ ಡೇವಿಡ್ ಕಾರ್ ಮೊದಲ ವರ್ಷವೇ 76 ಸಲ ನೆಲಕ್ಕುರುಳಿದರು. ಆ ಏಟಿನಿಂದ ಅವರು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ ಎಂದು ನನಗನ್ನಿಸುತ್ತದೆ.

ಸೋಲಿಗೆ ಹೆದರಬೇಡಿ. 1998ರಲ್ಲಿ ಹೊಸ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಎಸೆದ ಚೆಂಡು 28 ಸಲ ಎದುರಾಳಿಗಳ ಕೈಸೇರಿತು (ಇಂಟರ್‌ಸೆಪ್ಷನ್), ಅವರ ತಂಡ 13 ಪಂದ್ಯ ಸೋತಿತು. ಮರುವರ್ಷ ಅದೇ ತಂಡ 13 ಗೆದ್ದಿತು. ಗೋಡೆ ಗಟ್ಟಿಯಿದ್ದರೆ ಹುಡುಗ ಆಡಲಿ, ತಪ್ಪು ಮಾಡಿ ಕಲಿಯಲಿ. ಇಲ್ಲವಾದರೆ ಕಾಯಲಿ. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಕೂಡ 2017ರ ಲೀಗ್ ಹಂತದ ಕೊನೇ ಪಂದ್ಯದವರೆಗೆ ಬೆಂಚಿನಲ್ಲೇ ಇದ್ದರು.