ಲ್ಯಾಕ್ಟೇಟ್ ಮೀಟರ್ ಕೊಳ್ಳುವ ಮೊದಲು

ಪ್ರಶ್ನೆ: ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತೇನೆ. ಭಾನುವಾರ ಕೆಜಿಎಫ್ ಕಡೆ ದೂರದ ಓಟ. ಲ್ಯಾಕ್ಟೇಟ್ ಮೀಟರ್ ಕೊಳ್ಳಲೇ?

ಉತ್ತರ: ಓಡುವಾಗ ಸ್ನಾಯುಗಳಿಂದ ರಕ್ತಕ್ಕೆ ಸೇರುವ ಲ್ಯಾಕ್ಟೇಟನ್ನು ಈ ಮೀಟರ್ ಅಳೆಯುತ್ತದೆ, ಆದರೆ ಒಂದು ಸಲ ಬೆರಳು ಚುಚ್ಚಿಕೊಂಡರೆ ಏನೂ ತಿಳಿಯದು. ನಾಲ್ಕೈದು ನಿಮಿಷ ಒಂದೇ ವೇಗದಲ್ಲಿ ಓಡಿ, ಬೆರಳ ತುದಿಯಿಂದಲೋ ಕಿವಿಯ ಹಾಲೆಯಿಂದಲೋ ಹನಿ ರಕ್ತ ತೆಗೆದು, ವೇಗ ಏರಿಸಿ ಮತ್ತೆ ಓಡಬೇಕು. ಹೀಗೆ ಐದಾರು ಸುತ್ತು. ವಿಶ್ರಾಂತಿಯಲ್ಲಿ ಲೀಟರಿಗೆ ಸುಮಾರು 1 ಮಿಲಿಮೋಲ್ ಇರುವ ಲ್ಯಾಕ್ಟೇಟ್ ಯಾವ ವೇಗದಲ್ಲಿ ಸರ್ರನೆ ಏರುತ್ತದೋ ಅದು ನಿಮ್ಮ ಮಿತಿ. ಮಿತಿಯೆಂದು ಎಲ್ಲರೂ ಹೇಳುವ 4 ಮಿಲಿಮೋಲ್ ವೇದವಾಕ್ಯವಲ್ಲ, ಆಳಿಂದಾಳಿಗೆ ಬದಲಾಗುತ್ತದೆ. ಹನಿಗೆ ಬೆವರು ಬೆರೆತರೆ ಅಂಕಿ ಸುಳ್ಳೇ ಏರುತ್ತದೆ. ರೈಲಿನ ಗಡಿಬಿಡಿಯಲ್ಲಿ ಊಟ ತಪ್ಪಿಸಿದ ಮರುದಿನ ಅಂಕಿ ಇಳಿದು, ಇಲ್ಲದ ಶಕ್ತಿ ಇದೆ ಎಂದು ನಂಬಿಸುತ್ತದೆ. ಕಾಲುನೋವಿಗೆ ಲ್ಯಾಕ್ಟೇಟೇ ಕಾರಣ ಅನ್ನುವವರ ಮಾತು ಬಿಡಿ. ಹೃದಯಕ್ಕೂ ಅದು ಇಂಧನ.

ಏರುತಗ್ಗಿನ ರಸ್ತೆ ಈ ಪರೀಕ್ಷೆಗೆ ಆಗದು, ಸಮತಟ್ಟಾದ ಮೈದಾನ ಬೇಕು. ಗಾಳಿ ಬೀಸುವಾಗ ಕೆಜಿಎಫ್ ಚಿನ್ನದ ಗಣಿಯ ತ್ಯಾಜ್ಯದ ಸಯನೈಡ್ ದಿಬ್ಬಗಳ ಪಕ್ಕ ಓಡಲೇಬೇಡಿ, ಆ ಧೂಳು ಎದೆಗೆ ಒಳ್ಳೆಯದಲ್ಲ.

ಮೀಟರ್‌ಗಿಂತ, ಪ್ರತಿ ಹನಿ ರಕ್ತಕ್ಕೂ ಬೇಕಾದ ಪರೀಕ್ಷಾ ಪಟ್ಟಿಗಳ ಖರ್ಚೇ ನಿಲ್ಲದ್ದು. ಸದ್ಯಕ್ಕೆ 30 ನಿಮಿಷ ಹದ ತಪ್ಪದೆ, ಆದಷ್ಟು ಜೋರಾಗಿ ಓಡಿ. ಕೊನೆಯ 20 ನಿಮಿಷದ ಸರಾಸರಿ ಹೃದಯಬಡಿತವನ್ನು ಬರೆದಿಡಿ, ಅದೇ ಸುಮಾರಾಗಿ ನಿಮ್ಮ ಮಿತಿಯ ಬಡಿತ. ನಿಮ್ಮ ಮಟ್ಟಕ್ಕೆ ಅಷ್ಟು ಸಾಕು, ಮೀಟರ್ ಬೇಡ.